ಅವರ ಮನೆಗೆ ಅವರು ಬಂದ ದಿನ

೨೦೨೦, ಆಗಸ್ಟ್ ೧೩, ಗುರುವಾರ. ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು ನಾನು ಮತ್ತು ನಮ್ಮ ಯಜಮಾನರು. ಸಂಜೆ ಇನ್ನೊಬ್ಬರು ಬರುವವರಿದ್ದರು. ಅವರು ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು.

ಹೀಗೆ ಬರೆದುಕೊಳ್ಳುವುದು ಸೇನೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಅಂಟಿದ ಅಭ್ಯಾಸ. ಯಾರು ಇದ್ದಾರೆ, ಯಾರು ಹೋದರು, ಯಾರು ಬರಲಿದ್ದಾರೆ ಎಂದು ಮುಂದಿನ ಪಾಳಿಯವರಿಗೆ ಒಪ್ಪಿಸಿಯೇ ನಾವು ಕೋಣೆಗೆ ಮರಳಬೇಕಿತ್ತು. ಸತ್ತವರೆಂದರೆ ನನಗೆ ಹೆದರಿಕೆಯಿಲ್ಲ. ಎಷ್ಟೋ ಜನರ ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ ಕಳಿಸಿದ್ದೇನೆ. ಆದರೆ ಅವರೆಲ್ಲ ಹೊರಟವರು. ಬರುವವರನ್ನು ಎದುರುಗೊಂಡು ನನಗೆ ಗೊತ್ತಿರಲಿಲ್ಲ.

ಯಜಮಾನರು ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ನಾವು ಮೈಸೂರಿಗೆ ಮರಳಲಿಲ್ಲ. ಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ಮರದ ಮನೆ ಕೊಂಡೆವು. ಹಳ್ಳಿಯಲ್ಲಿ ಬದುಕುವುದಕ್ಕೆ ಕಲಿಯಬೇಕಾದದ್ದು ಬಹಳವಿತ್ತು. ಗ್ಯಾಸ್ ಸಿಲಿಂಡರ್ ಯಾವ ದಿನ ಬರುತ್ತದೆ, ಕಾಲುವೆಯ ಹುಲ್ಲು ಕತ್ತರಿಸಲು ಮನೆಗೊಬ್ಬರು ಎಷ್ಟು ಹೊತ್ತಿಗೆ ಸೇರಬೇಕು, ಕಸದ ಚೀಲದ ಮೇಲೆ ಮನೆಯ ಹೆಸರು ಎಲ್ಲಿ ಬರೆಯಬೇಕು, ಇಂಥವು. ಹೆಸರು ಬರೆದಿರುವುದರಿಂದ ನಾವು ಎಷ್ಟು ತೆಂಗಿನಕಾಯಿ ತಿನ್ನುತ್ತೇವೆಂದು ಇಡೀ ಹಳ್ಳಿಗೆ ಗೊತ್ತು. ಸಮಯ, ಶಿಸ್ತು, ಪಾಳಿ, ಇವೆಲ್ಲ ನನಗೆ ಒಗ್ಗಿದವೇ ಆದ್ದರಿಂದ ಕಷ್ಟವಾಗಲಿಲ್ಲ.

ಒಗ್ಗದೇ ಹೋದದ್ದು ಮನೆಯ ಅಳತೆ. ಅಡುಗೆ ಕಟ್ಟೆ ನನ್ನ ಸೊಂಟಕ್ಕಿಂತ ಬಹಳ ಕೆಳಗಿತ್ತು. ದೀಪ ಹಾಕಲು ಕೈ ಚಾಚಿದರೆ ಬರೀ ಗೋಡೆ. ಸ್ವಿಚ್ಚು ಒಂದು ಗೇಣು ಕೆಳಗೆ. ಚಿಲಕ, ಟವೆಲಿನ ಕೊಕ್ಕೆ, ಸೌಟು ತೂಗುವ ಮೊಳೆ, ಎಲ್ಲವೂ ನನಗಿಂತ ಗಿಡ್ಡನೆಯ ಒಬ್ಬ ಹೆಂಗಸಿನ ಕೈಗೆ ಹೊಂದಿಕೊಂಡಿದ್ದವು. ಎಲ್ಲ ಬದಲಾಯಿಸೋಣ ಎಂದುಕೊಂಡೆವು. ಬದಲಾಯಿಸುವುದರೊಳಗೆ ನನ್ನ ಕೈಯೇ ಕೆಳಗಿಳಿಯಿತು. ಕತ್ತಲಲ್ಲಿ ಎದ್ದರೂ ಬೆರಳು ಸೀದಾ ಆ ಹೆಂಗಸಿನ ಸ್ವಿಚ್ಚಿಗೆ ಹೋಗುತ್ತಿತ್ತು. ಹುಲ್ಲು ಚಾಪೆಯ ನೆಲದ ಮೇಲೆ ಅಡುಗೆಮನೆಯಿಂದ ನಡುಕೋಣೆಯವರೆಗೆ ಸವೆದ ದಾರಿಯೊಂದಿತ್ತು. ನಾನು ಬೆಳಿಗ್ಗೆ ಹೂವಿನ ತಟ್ಟೆ ಹಿಡಿದು ನಡೆಯುತ್ತಿದ್ದದ್ದೂ ಅದರ ಮೇಲೆಯೇ. ಒಂದೊಂದು ದಿನ ಯಾರದೋ ಬೆನ್ನ ಹಿಂದೆ ನಡೆಯುತ್ತಿದ್ದೇನೆ ಅನಿಸುತ್ತಿತ್ತು.

ಆ ದಾರಿ ಮುಗಿಯುವಲ್ಲಿ, ಗೋಡೆಯೊಳಗೆ ಕೂರಿಸಿದ ಒಂದು ಕಪ್ಪು ಮರದ ಗೂಡು. ಒಳಗೆಲ್ಲ ಚಿನ್ನದ ಬಣ್ಣ, ಎರಡು ಮಡಿಕೆಯ ಬಾಗಿಲು, ದೀಪಕ್ಕೆ ಜಾಗ, ಊದುಬತ್ತಿಗೆ ಜಾಗ, ಒಂದು ಪುಟ್ಟ ಗಂಟೆ. ಮನೆ ಮಾರಿದವರು ಅದನ್ನು ಬಿಟ್ಟು ಹೋಗಿದ್ದರು. ಒಕಾಜಾಕಿಯಲ್ಲಿ ನಾವು ಇದ್ದದ್ದು ಸಂಸ್ಥೆಯ ಫ್ಲಾಟಿನಲ್ಲಿ. ಹಳೆಯ ಮನೆಗಳ ಒಳಕೋಣೆ ಕಂಡವರಲ್ಲ. ‘ನೋಡೇ, ದೇವರ ಮನೆ ರೆಡಿಯಾಗೇ ಸಿಕ್ತು’ ಎಂದು ಯಜಮಾನರು ಸಂತೋಷಪಟ್ಟರು. ಗಣಪತಿ, ಲಕ್ಷ್ಮಿ, ಗುರುಗಳ ಪಟ, ಎಲ್ಲವನ್ನೂ ಅಲ್ಲಿ ಕೂರಿಸಿ ಹಾಲು ಉಕ್ಕಿಸಿದೆವು.

ಪಕ್ಕದ ಮನೆಯ ಅಜ್ಜಿ ಮೊದಲ ಸಲ ಬಂದಾಗ ನೇರವಾಗಿ ಗೂಡಿನ ಮುಂದೆ ಮಂಡಿಯೂರಿ, ಗಂಟೆ ಬಾರಿಸಿ, ಕೈಮುಗಿದರು. ಆಮೇಲೆ ಗುರುಗಳ ಪಟದ ಕಡೆ ನೋಡಿ ಮೆಲ್ಲಗೆ ಕೇಳಿದರು. ಅವರೊಡನೆ ಮಾತೆಲ್ಲ ಜಪಾನೀಸಿನಲ್ಲೇ.

‘ಇವರು ನಿಮ್ಮ ಮಾವನವರಾ?’

‘ಅಲ್ಲ, ನಮ್ಮ ಗುರುಗಳು.’

‘ಹೋಗಿ ಎಷ್ಟು ವರ್ಷ ಆಯ್ತು?’

‘ಮುನ್ನೂರು ದಾಟಿತು.’

‘ಮುನ್ನೂರು!’ ಅಜ್ಜಿ ನೆಲಕ್ಕೆ ಹಣೆ ತಾಗಿಸಿದರು. ‘ಇನ್ನೂ ಬಿಟ್ಟಿಲ್ಲವಲ್ಲ ನೀವು. ನಮ್ಮ ಮಕ್ಕಳು ಮೂರೇ ವರ್ಷಕ್ಕೆ ಮರೀತಾರೆ.’

ಗಣಪತಿಯನ್ನು ನೋಡಿ ಮಾತ್ರ ಏನೂ ಕೇಳಲಿಲ್ಲ. ಕೇಳಿದರೆ ಮರ್ಯಾದೆಯಾಗದು ಎಂದುಕೊಂಡಿರಬೇಕು. ಅವರು ಹೋದ ಮೇಲೆ ನಾವಿಬ್ಬರೂ ಅದನ್ನು ನೆನೆದು ನಕ್ಕೆವು. ಯಾಕೆ ಹಾಗೆ ಕೇಳಿದರೆಂದು ಯೋಚಿಸಲಿಲ್ಲ.

ತಿಳಿದದ್ದು ೨೦೨೦ರ ಜುಲೈ ಕೊನೆಯಲ್ಲಿ, ಮನೆ ಮಾರಿದ ಹೆಂಗಸು ಕೋಬೆ ನಗರದಿಂದ ಫೋನ್ ಮಾಡಿದಾಗ. ಅವರ ತಾಯಿಯೇ ಈ ಮನೆಯಲ್ಲಿ ಬಾಳಿದವರು; ಆ ಗಿಡ್ಡನೆಯ ಹೆಂಗಸು. ಮರೆವು ಹೆಚ್ಚಾದ ಮೇಲೆ ಮಗಳು ಕೋಬೆಗೆ ಕರೆದೊಯ್ದು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದ್ದರು. ಸೋಂಕಿನ ಭಯದಿಂದ ಕೇಂದ್ರ ಬಾಗಿಲು ಮುಚ್ಚಿತು. ಏಪ್ರಿಲ್‌ನಲ್ಲಿ ತಾಯಿ ಹೋದರು. ಮಗಳಿಗೆ ಕಂಡದ್ದು ಫೋನಿನ ಪರದೆಯ ಮೇಲೆ ಒಂದು ದಿಂಬು, ಅರ್ಧ ಮುಖ.

‘ಆ ಬುತ್ಸುದಾನ್ ಇನ್ನೂ ಇದೆಯಾ?’ ಎಂದು ಕೇಳಿದರು.

ಗೂಡಿಗೆ ಆ ಹೆಸರೆಂದು ಗೊತ್ತಾಯಿತು. ಅದು ದೇವರ ಮನೆಯಲ್ಲ. ಆ ಮನೆತನದಲ್ಲಿ ತೀರಿಹೋದವರು ಇರುವ ಜಾಗ. ಮಾರುವಾಗ ಪುರೋಹಿತರು ಮಂತ್ರ ಹೇಳಿ ಎಲ್ಲರನ್ನೂ ಕಳಿಸಿಕೊಟ್ಟಿದ್ದರಂತೆ. ಹೆಸರು ಬರೆದ ಮರದ ಫಲಕಗಳೂ ಕೋಬೆಯಲ್ಲಿವೆ. ‘ಅದೀಗ ಖಾಲಿ ಪೆಟ್ಟಿಗೆ, ಏನೂ ದೋಷವಿಲ್ಲ. ಆದರೆ ಅಮ್ಮನಿಗೆ ಅದು ಗೊತ್ತಿಲ್ಲ’ ಎಂದರು. ಕೊನೆಯ ವರ್ಷವೆಲ್ಲ ತಾಯಿ ಸಂಜೆಯಾದರೆ ಚಪ್ಪಲಿ ಹುಡುಕುತ್ತಿದ್ದರಂತೆ. ಮನೆಗೆ ಹೋಗಬೇಕು, ಗೂಡಿನ ಮುಂದೆ ಅನ್ನ ಇಡಬೇಕು ಎನ್ನುತ್ತಿದ್ದರಂತೆ.

ಆಗಸ್ಟ್ ನಡುವಿನ ಓಬೊನ್ ದಿನಗಳಲ್ಲಿ ಸತ್ತವರು ಮನೆಗೆ ಬಂದು ಮೂರು ದಿನ ಇದ್ದು ಹೋಗುತ್ತಾರೆಂಬುದು ಇಲ್ಲಿನ ನಂಬಿಕೆ. ಹೊಸದಾಗಿ ಹೋದವರಿಗೆ ಅದು ಮೊದಲ ಬರುವಿಕೆ. ದಾರಿ ತಪ್ಪದಿರಲೆಂದು ಬಿಳಿ ಲಾಟೀನು ಕಟ್ಟಿ, ಗೇಟಿನಲ್ಲಿ ಬೆಂಕಿ ಹಚ್ಚುತ್ತಾರೆ.

‘ಅಮ್ಮ ನನ್ನ ಫ್ಲಾಟು ನೋಡೇ ಇಲ್ಲ. ಇಲ್ಲಿ ಬೆಂಕಿ ಹಚ್ಚಿದರೂ ಬರೋದಿಲ್ಲ. ಅಲ್ಲಿಗೇ ಬರ್ತಾಳೆ. ನಾನು ಬರೋಣ ಅಂದ್ರೆ, ಹೊರಗಿನವರು ಈ ಸಲ ಹಳ್ಳಿಗೆ ಬರಬೇಡಿ ಅಂತಿದ್ದಾರೆ. ಸುಮಿಮಾಸೆನ್, ಕ್ಷಮಿಸಿ, ತುಂಬ ದೊಡ್ಡ ಕೆಲಸ ಕೇಳ್ತಿದ್ದೀನಿ. ಗೇಟಿನಲ್ಲಿ ಯಾರೂ ಇಲ್ಲದಿದ್ದರೆ ಅವಳು ಹಾಗೇ ನಿಂತಿರ್ತಾಳೆ.’

ಆಯಿತು ಎಂದೆ. ಫೋನ್ ಇಟ್ಟ ಮೇಲೆ ಯಜಮಾನರು ಶುರುಮಾಡಿದರು.

‘ಅಲ್ಲ ಕಣೇ, ದೇವರ ಮನೇಲಿ ಪಿತೃಗಳನ್ನ ಕೂರಿಸ್ತಾರೇನೇ?’

‘ಪಿತೃಗಳ ಮನೇಲಿ ದೇವರನ್ನ ಕೂರಿಸಿದೋರು ನಾವು.’

‘ಅವರು ನಮ್ಮ ಗೋತ್ರವಲ್ಲ, ಸೂತ್ರವಲ್ಲ.’

‘ಗೋತ್ರ ಕೇಳೋಕೆ ಅವರೇನು ಹೆಣ್ಣು ನೋಡೋಕೆ ಬರ್ತಿದ್ದಾರಾ? ಅವರ ಮನೆಗೆ ಅವರು ಬರ್ತಿದ್ದಾರೆ.’

‘ಇದೆಲ್ಲ ನಾನು ನಂಬೋದಿಲ್ಲ.’

‘ದೆವ್ವ ನಂಬೋಲ್ಲ, ಮೈಲಿಗೆ ಮಾತ್ರ ನಂಬ್ತೀರಿ. ಸರಿ, ಮೇಲಿನ ಶೆಲ್ಫು ಖಾಲಿ ಮಾಡಿಕೊಡಿ.’

ಹೀಗಾಗಿ ಹದಿಮೂರರ ಬೆಳಿಗ್ಗೆ ಮೊದಲ ಕೆಲಸ ದೇವರನ್ನು ಸ್ಥಳಾಂತರಿಸುವುದಾಗಿತ್ತು. ಸ್ನಾನ ಮುಗಿಸಿ, ಅಡುಗೆಮನೆಯ ಶೆಲ್ಫಿಗೆ ಒಗೆದ ಪಂಚೆ ಹಾಸಿ ಒಬ್ಬೊಬ್ಬರನ್ನಾಗಿ ಕರೆದೊಯ್ದೆವು. ಯಜಮಾನರು ಗಣಪತಿಗೆ ‘ಮೂರೇ ದಿನ, ಸ್ವಲ್ಪ ಸುಧಾರಿಸಿಕೋ’ ಎಂದರು. ಗೂಡು ಖಾಲಿಯಾಯಿತು. ವರ್ಷಗಟ್ಟಲೆ ನಾನು ಹಚ್ಚಿದ ಗಂಧದ ಬತ್ತಿಯ ವಾಸನೆ ಇರಬೇಕಿತ್ತು. ಒಣಬಟ್ಟೆಯಿಂದ ಒರೆಸುತ್ತ ಹೋದಂತೆ ಅದರಡಿಯಿಂದ ಬೇರೊಂದು ಧೂಪದ ವಾಸನೆ ಎದ್ದಿತು. ಒಣಗಿದ, ಸ್ವಲ್ಪ ಕಹಿಯಾದ ವಾಸನೆ. ಕಿಟಕಿ ತೆಗೆದಿದ್ದರೂ ಅದು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲೂ ಇತ್ತು.

ಇನ್‌ಸ್ಪೆಕ್ಷನ್ ದಿನ ವಾರ್ಡ್ ಸಿದ್ಧಮಾಡುವಂತೆ ನಾನು ಕೆಲಸ ಮಾಡಿದೆ. ಚಾಪೆ ಗುಡಿಸಿದೆ. ಗಾಜು ಒರೆಸಿದೆ. ಎಲ್ಲೆಲ್ಲಿ ಒರೆಸಿದರೂ ಇದು ಅವರಿಗೆ ಸರಿಯೆನಿಸೀತೇ ಎಂಬ ಯೋಚನೆ. ಸಿಂಕಿನ ಪಕ್ಕದಲ್ಲಿ ನನ್ನ ಇಡ್ಲಿ ಪಾತ್ರೆ ನೋಡಿ ನನಗೇ ಸಂಕೋಚವಾಗಿ ಒಳಗಿಟ್ಟೆ. ಆಮೇಲೆ ಮತ್ತೆ ಹೊರಗಿಟ್ಟೆ. ನಾವು ಇಲ್ಲಿದ್ದೇವೆಂದು ಅವರಿಗೂ ತಿಳಿಯಬೇಕಲ್ಲ.

ಕೊರಿಯರಿನವನು ಕೋಬೆಯ ಪಾರ್ಸೆಲ್ಲನ್ನು ಗೇಟಿನ ಹೊರಗೇ ಇಟ್ಟು ಹೋದ. ಬಿಳಿ ಕಾಗದದ ಲಾಟೀನು, ಬೆಂಕಿಗೆ ಸಿಪ್ಪೆ ಸುಲಿದ ಸೆಣಬಿನ ಕಡ್ಡಿಗಳು, ಒಂದು ಮಣ್ಣಿನ ತಟ್ಟೆ. ಲಾಟೀನನ್ನು ಯಜಮಾನರು ಸೂರಿಗೆ ಕಟ್ಟುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಹೂವು ಹಿಡಿದು ಬಂದು ರಸ್ತೆಯಲ್ಲೇ ನಿಂತರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

‘ಕೋಬೆಯಿಂದ ಯಾರೂ ಬರೋದಿಲ್ಲ ತಾನೇ? ಹಳ್ಳಿಯವರು ಕಾರಿನ ನಂಬರು ನೋಡ್ತಿದ್ದಾರೆ.’

‘ಒಬ್ಬರು ಬರ್ತಾರೆ’ ಎಂದೆ.

‘ಯಾರು?’

‘ನಿಮ್ಮ ಗೆಳತಿ.’

ಅವರು ಲಾಟೀನು ನೋಡಿದರು. ‘ಓ. ಅವಳಿಗೆ ನಂಬರ್ ಪ್ಲೇಟಿಲ್ಲ ಬಿಡಿ’ ಎಂದರು. ಕೈಯ ಹೂವನ್ನು ನೋಡುತ್ತ, ‘ಮಣ್ಣಿಗೂ ಹೋಗಲಾಗಲಿಲ್ಲ ನನಗೆ’ ಎಂದರು. ಹೂವನ್ನು ಗೇಟಿನ ಕಂಬದ ಮೇಲಿಟ್ಟು ಹೊರಟವರು ತಿರುಗಿ ಹೇಳಿದರು: ‘ಬಂದ ದಿನ ಮೊದಲ ಸ್ನಾನ ಅವಳಿಗೆ. ನಮ್ಮ ಕಡೆ ಹಾಗೆ. ನೀರು ಚೆನ್ನಾಗಿ ಸುಡಬೇಕು, ಇಲ್ಲದಿದ್ದರೆ ಬೈತಾಳೆ.’

ಬೆಳಕು ಇಳಿಯುವ ಹೊತ್ತಿಗೆ ಗೇಟಿನ ಬಳಿ ಮಣ್ಣಿನ ತಟ್ಟೆ ಇಟ್ಟು ಕಡ್ಡಿ ಜೋಡಿಸಿದೆ. ಫೋನನ್ನು ಸ್ಪೀಕರಿಗೆ ಹಾಕಿ ಯಜಮಾನರು ಹಿಡಿದುಕೊಂಡರು. ಕೋಬೆಯ ಆ ಹೆಂಗಸು ಆ ಕಡೆ ಇದ್ದರು, ಉಸಿರು ಕೇಳಿಸುತ್ತಿತ್ತು.

‘ಬೆಂಕಿ ಹಚ್ಚಿ ಇರಾಶ್ಶಾಯ್ ಅಂತೀನಿ, ಸರಿಯಾ?’ ಎಂದು ಕೇಳಿದೆ. ಮನೆಗೆ ಬಂದ ಅತಿಥಿಗೆ ಇಲ್ಲಿ ಹೇಳುವ ಮಾತು ಅದು. ಇಡೀ ದಿನ ಅದನ್ನೇ ಬಾಯಲ್ಲಿಟ್ಟುಕೊಂಡಿದ್ದೆ.

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ, ‘ಕೇಳಬಾರದು, ಗೊತ್ತು. ಓಕಾಎರಿ ಅನ್ನೋಕೆ ಆಗುತ್ತಾ?’ ಎಂದರು.

ಓಕಾಎರಿ ಎನ್ನುವುದು ಹೊರಗೆ ಹೋಗಿ ಮರಳಿದ ಮನೆಯವರಿಗೆ. ನಮ್ಮಲ್ಲೂ ಇದೆ. ಬಾಗಿಲಿಗೆ ನೆಂಟರು ಬಂದರೆ ‘ಬನ್ನಿ’ ಎನ್ನುತ್ತೇವೆ. ಮನೆಯವರೇ ಬಂದರೆ ‘ಬಂದ್ರಾ?’ ಎನ್ನುತ್ತೇವೆ. ಮನೆ ಯಾರದೆಂದು ಆ ಒಂದು ಮಾತಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಮನೆ ನಮ್ಮ ಹೆಸರಿನಲ್ಲಿತ್ತು, ತೆರಿಗೆ ಕಟ್ಟುತ್ತಿದ್ದವರು ನಾವು. ಓಕಾಎರಿ ಎಂದು ಕರೆದರೆ ಆ ಮೂರು ದಿನ ಅಲ್ಲಿ ನಾವು ಯಾರು? ಯಜಮಾನರ ಮುಖ ನೋಡಿದೆ. ಅವರೂ ಅದನ್ನೇ ಯೋಚಿಸುತ್ತಿದ್ದರು. ಹಿಂದೆ, ಮನೆಯ ಬಾಗಿಲು ತೆರೆದಿತ್ತು. ಒಳಗಿನ ಕತ್ತಲು ನನ್ನದೆನಿಸಲಿಲ್ಲ.

ಬೆಂಕಿಕಡ್ಡಿ ಗೀರಿದೆ. ಸೆಣಬು ಸದ್ದಿಲ್ಲದೆ ಹತ್ತಿ ಹೊಗೆ ನೇರ ಮೇಲೆದ್ದಿತು. ಪಕ್ಕದ ಮನೆಯ ಅಜ್ಜಿ ತಮ್ಮ ಗೇಟಿನಲ್ಲಿ ನಿಂತಿದ್ದರು. ಹೊಗೆ ಕಂಡ ಕೂಡಲೇ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮುಖ ಪೂರ್ತಿ ಕಾಣುವಂತೆ ದಾರಿಯ ಕಡೆ ತಿರುಗಿದರು. ಗೆಳತಿಗೆ ಗುರುತು ಸಿಗಲಿ ಎಂದು.

‘ಬಂದ್ರಾ?’ ಎಂದೆ. ಅದೇ ಮೊದಲು ಬಂತು ಬಾಯಿಗೆ. ಆಮೇಲೆ ನೆನಪಾಗಿ, ‘ಓಕಾಎರಿ’ ಎಂದೆ.

‘ತದಾಇಮಾ’ ಎಂದಿತು ಫೋನು. ಮರಳಿದವರು ಕೊಡಬೇಕಾದ ಉತ್ತರ ಅದು: ಬಂದೆ.

ತಗ್ಗಿದ, ದಣಿದ ದನಿ. ತಾಯಿಯ ಪರವಾಗಿ ಮಗಳು ಹೇಳಿದ್ದು. ಆದರೆ ಆಕೆ ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆಮೇಲೆ ಆಕೆಯ ಎಂದಿನ ದನಿ ಬಂತು: ‘ಅರಿಗಾತೋ, ತುಂಬ ಉಪಕಾರವಾಯ್ತು. ಇವತ್ತು ನಿದ್ದೆ ಬರುತ್ತೆ ಅನ್ಸುತ್ತೆ.’ ಫೋನ್ ಇಟ್ಟರು.

‘ಅವರ ಮಗಳೇ ಅಲ್ವೇನೇ ಹೇಳಿದ್ದು?’ ಯಜಮಾನರು ಕೇಳಿದರು.

‘ಮತ್ತಿನ್ಯಾರು.’

ಬೂದಿಗೆ ನೀರು ಹಾಕಿದೆ. ಗೇಟು ಮುಚ್ಚುವ ಮೊದಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಆಮೇಲೆ ಮುಚ್ಚಿದೆ. ಗೂಡಿನ ಮುಂದೆ ಅನ್ನ, ಉಪ್ಪು ಕಡಿಮೆ ಹಾಕಿದ ಕುಂಬಳದ ಪಲ್ಯ, ಚಹಾ ಇಟ್ಟೆ. ನಾವು ಅಡುಗೆಮನೆಯಲ್ಲಿ, ದೇವರ ಕೆಳಗೆ ಕೂತು ತಿಂದೆವು. ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದೆವು. ಹಾಗೆ ಮಾಡೋಣವೆಂದು ಯಾರೂ ಹೇಳಿರಲಿಲ್ಲ.

ಊಟವಾದ ಮೇಲೆ ತೊಟ್ಟಿ ತುಂಬಿಸಿ ನೀರು ಸುಡುವಂತೆ ಕಾಯಿಸಿದೆ. ಇಲ್ಲಿ ಮನೆಯವರೆಲ್ಲ ಅದೇ ನೀರಿಗೆ ಒಬ್ಬರಾದ ಮೇಲೊಬ್ಬರು ಇಳಿಯುತ್ತಾರೆ. ಹೊಸ ಟವೆಲ್ ಇಟ್ಟು, ಬಾಗಿಲು ಎಳೆದುಕೊಂಡು ಹೊರಬಂದೆ. ನಾವಿಬ್ಬರೂ ಕೊರಿಡಾರಿನಲ್ಲಿ ಕೂತೆವು.

‘ಎಷ್ಟು ಹೊತ್ತು ಕಾಯೋದು?’

‘ವಯಸ್ಸಾದವರು. ನಿಧಾನ ಆಗುತ್ತೆ.’

‘ನಾನೂ ವಯಸ್ಸಾದವನೇ ಕಣೇ.’

ಒಳಗೆ ನೀರು ಒಮ್ಮೆ ಸದ್ದು ಮಾಡಿತು. ಕಾದ ನೀರು ಆರುವಾಗ ಕೊಳವೆ ಹಾಗೆ ಸದ್ದು ಮಾಡುವುದುಂಟು. ಕೊನೆಗೆ ಯಜಮಾನರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು. ಇದೆಲ್ಲ ನಂಬದ ಮನುಷ್ಯ, ಸ್ನಾನದ ಮನೆಯ ಬಾಗಿಲನ್ನು ಎರಡು ಸಲ ಮೆಲ್ಲಗೆ ತಟ್ಟಿ, ‘ಸುಮಿಮಾಸೆನ್’ ಎಂದು ಹೇಳಿ, ಸ್ವಲ್ಪ ಕಾದು, ಆಮೇಲೆ ಒಳಗೆ ಹೋದರು.

ನಾನು ಕೊನೆಯವಳು; ಇಲ್ಲಿನ ಹಳೆಯ ಮನೆಗಳಲ್ಲಿ ಅದು ಸೊಸೆಯ ಸರದಿಯಂತೆ. ಸ್ನಾನ ಮುಗಿಸಿ ನೆಲ ಒರೆಸಿ, ತೊಟ್ಟಿಗೆ ಮುಚ್ಚಳ ಹಾಕಿ, ಗ್ಯಾಸ್ ಆರಿಸಿದೆ.