ಹಂದರಗಂಬಕ್ಕೆ ಸಿಗದ ಮಣ್ಣು

ಕಳೆದ ಬೇಸಿಗೆಯಲ್ಲಿ ಮಗಳ ಮದುವೆ ಗೊತ್ತಾಗುವ ಹೊತ್ತಿಗೆ, ಖಾನಾಪುರದ ನಮ್ಮ ಮನೆಯ ಅಂಗಳ ಕಾರು ನಿಲ್ಲಿಸುವ ಜಾಗವಾಗಿತ್ತು. ದಿನಾ ಬೆಳಗಾವಿಗೆ ನೌಕರಿಗೆ ಹೋಗಿಬರುವ ನಾನು ಅಲ್ಲಿನ ಬಡಾವಣೆಗಳ ಮನೆಗಳನ್ನು ನೋಡಿ ನೋಡಿ ಮರುಳಾಗಿದ್ದೆ. ನಮ್ಮ ಓಣಿಯೂ ಹಳ್ಳಿತನ ಬಿಟ್ಟು ಪೇಟೆಯಾಗುತ್ತಿತ್ತು. ಹಿಂದೆ ಬೀಳಬಾರದೆಂದು, ಸೆಗಣಿ ಸಾರಿಸುತ್ತಿದ್ದ ಕೆಂಪು ಮಣ್ಣಿನ ಅಂಗಳಕ್ಕೆ ಗೋಡೆಯಿಂದ ಗೋಡೆಯವರೆಗೆ ಕಾಂಕ್ರೀಟ್ ಹಾಕಿಸಿ, ಮೇಲೆ ಟೈಲ್ಸ್ ಕೂರಿಸಿದೆ. ಅದನ್ನು ಬಾಯಿತುಂಬ ಹೊಗಳಿದವನು ನಾನೊಬ್ಬನೇ.

ಮದುವೆ ಬೆಳಗಾವಿಯ ಮಂಗಲ ಕಾರ್ಯಾಲಯವೊಂದರಲ್ಲಿ. ಆದರೂ ಹಂದರಗಂಬ, ಅಂದರೆ ಚಪ್ಪರದ ಮೊದಲ ಕಂಬ, ಮನೆಯ ಅಂಗಳದಲ್ಲೇ ನೆಡಬೇಕು. ಅದನ್ನು ನೆಟ್ಟ ಮೇಲೇ ಅದು ಮದುವೆಮನೆ. ಕಂಬದ ತಗ್ಗಿಗೆ ಹಾಲೆರೆಯುವುದು ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಹಿರಿಯ ಮುತ್ತೈದೆಯ ಹಕ್ಕು. ಕುರಿ ಸಾಕಿದ ಮನೆತನದವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

ಕಂಬ ನೆಡುವ ದಿನ ಅತಿಬುದ್ಧಿ ಓಡಿಸಿದೆ. ಬಣ್ಣದ ದೊಡ್ಡ ಡಬ್ಬಿಗೆ ಉಸುಕು ತುಂಬಿ, ಅದರಲ್ಲಿ ಅತ್ತಿಯ ಕಂಬ ನಿಲ್ಲಿಸಿ, ಡಬ್ಬಿ ಕಾಣದಂತೆ ಜರಿಬಟ್ಟೆ ಸುತ್ತಿದೆ. ಅಕ್ಕ ಹಾಲಿನ ತಂಬಿಗೆ ಹಿಡಿದು ಬಂದರು. ಕಂಬದ ಸುತ್ತ ಒಮ್ಮೆ ತಿರುಗಿ ನಿಂತರು.

“ತಮ್ಮಾ, ತಗ್ಗು ಎಲ್ಲೈತಿ? ಹಾಲು ಎಲ್ಲಿ ಹಾಕ್ಲಿ?”

“ಇದರಾಗ ಹಾಕ್ರಿ ಅಕ್ಕಾ. ಈಗ ಎಲ್ಲಾರೂ ಹಿಂಗ ಮಾಡ್ತಾರ.”

“ಡಬ್ಬಿಗೆ ಹಾಕಿದ್ರ ಭೂಮಿಗೆ ಹೆಂಗ ಮುಟ್ಟತೈತಿ?”

ಚುಚ್ಚಲಿಕ್ಕೆ ಅಂದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದರು. ಹೊಸ್ತಿಲ ಒಳಗೆ ಮಗಳು ಅರಿಶಿನದ ಕೈ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅವಳ ಮದುವೆಗೆಂದು ಗೇಣುದ್ದ ಮಣ್ಣು ಉಳಿಸದ ಅಪ್ಪ ನಾನು. ನಾಚಿಕೆಯಿಂದ ಹಿಡಿಯಷ್ಟಾದೆ.

“ಇರ್ಲಿ ಬಿಡು. ನಮ್ಮ ಮನಿ ಮುಂದ ಇನ್ನೂ ಮಣ್ಣೈತಿ. ಅಲ್ಲೇ ನೆಡೂಣು,” ಎಂದರು ಅಕ್ಕ.

ಅಲ್ಲೇ ನೆಟ್ಟೆವು. ಅಕ್ಕ ಎರೆದ ಹಾಲನ್ನು ಮಣ್ಣು ಸದ್ದಿಲ್ಲದೆ ಕುಡಿಯಿತು. ಅವರೇ ಮಗಳ ಕೈಯಿಂದ ಕಂಬಕ್ಕೆ ಪೂಜೆ ಮಾಡಿಸಿದರು.

ಮಧ್ಯಾಹ್ನ ನಂದಗಡದಿಂದ ಬೀಗರ ಕಡೆಯ ಜನ ಬಂದಿಳಿದರು. ನಮ್ಮ ಮನೆ ನೋಡಿರದ ಅವರು ಕಂಬ ಕಂಡವರೇ ಸೀದಾ ಅಕ್ಕನ ಮನೆ ಹೊಕ್ಕರು. ಒಳಗಿನಿಂದ ಚಹಾದ ಕಪ್ಪುಗಳ ಸದ್ದು, ನಗು ಕೇಳಿಸಿತು. ನಾನು ಹೊಸ ಧೋತರ ಉಟ್ಟು ನನ್ನ ಗೇಟಿನಲ್ಲೇ ನಿಂತಿದ್ದೆ. ಕೊನೆಗೆ ಇಳಿದ ಹಿರಿಯರೊಬ್ಬರು ನನ್ನನ್ನು ಹಿಂದೆ ನೋಡಿದವರಲ್ಲ. ಪ್ರೀತಿಯಿಂದ ಕೈ ಹಿಡಿದರು.

“ಇಲ್ಲ್ಯಾಕ ನಿಂತೀರಿ, ಬರ್ರಿ. ಮದಿವಿ ಮನಿ ಅಲ್ಲೈತಿ. ನೀವೂ ಮದಿವಿಗೆ ಬಂದವ್ರೇನ್ರಿ?”

“ಹೌದ್ರಿ,” ಎಂದು ಅವರ ಹಿಂದೆ ನಡೆದೆ.