ನಾಲ್ಕನೇ ಜ್ವರದ ಮಡ್‌ಗಾರ್ಡು

ಆ ಪಿಕಪ್ ಗಾಡಿಗೆ ಎಂಜಿನ್ ಕೂರಿಸುವುದು ಕಷ್ಟವಾಗಲಿಲ್ಲ, ಬ್ರೇಕೂ ಕಷ್ಟವಾಗಲಿಲ್ಲ. ನನ್ನ ಪ್ರಾಣ ತಿಂದದ್ದು ಹಿಂದಿನ ಎರಡು ಮಡ್‌ಗಾರ್ಡು. ಚಕ್ರದ ಮೇಲೆ ಕಮಾನಿನ ಹಾಗೆ ಬರುವ ಎರಡು ತಗಡು, ಒಂದೊಂದಕ್ಕೆ ಏಳು ಬೋಲ್ಟು. ಇಷ್ಟಕ್ಕೆ ತಿಂಗಳುಗಟ್ಟಲೆ ಹಿಡಿಯಿತು ಎಂದರೆ ಕೇಳಿದವರು ನನ್ನನ್ನೇ ಪೆದ್ದ ಅನ್ನುತ್ತಾರೆ. ಅನ್ನಲಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಮಾಲೂರಿನಲ್ಲಿ ಮೇಷ್ಟ್ರು. ಟೇಕಲ್ ಹತ್ತಿರದ ನಮ್ಮೂರಿನ ಮನೆಯಲ್ಲಿ ಇದ್ದವರು ಅಮ್ಮ, ನಾನು, ಇಬ್ಬರೇ. ಉಳಿದದ್ದೆಲ್ಲ ಅಮ್ಮನ ರೇಷ್ಮೆಹುಳು. ಮನೆಯ ಮುಕ್ಕಾಲು ಭಾಗ ಅವುಗಳದೇ. ಗೂಡು ಬಿಡಿಸಿದ ಮೇಲೆ ಅಮ್ಮ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಹೋಗಬೇಕು. ಗಂಟನ್ನು ಮೇಲಕ್ಕೆ ಹಾಕು ಎಂದು ಕಂಡಕ್ಟರು, ಹಾಕಲ್ಲ ಎಂದು ಇವಳು. ಹಿಂದಿನ ಬೆಳೆಯಲ್ಲಿ ನೂಕುನುಗ್ಗಲಿನಲ್ಲಿ ಯಾರೋ ಗಂಟಿನ ಮೇಲೆ ಕೂತೇಬಿಟ್ಟಿದ್ದರು. ಆವತ್ತು ಅವಳು ಅತ್ತದ್ದನ್ನು ನೋಡಲಾರದೆ ನಾನು ಚಿನ್ನದ ಗಣಿ ಕಡೆಯ ಗುಜರಿಯಲ್ಲಿ ಬಿದ್ದಿದ್ದ ಈ ಓಬೀರಾಯನ ಕಾಲದ ಗಾಡಿಯನ್ನು ಎಳೆಸಿಕೊಂಡು ಬಂದೆ. ಮುಂದಿನ ಬೆಳೆಗೆ ಅಮ್ಮ ಇದರ ಮುಂದಿನ ಸೀಟಿನಲ್ಲಿ ಕೂತು ಮಾರ್ಕೆಟ್ಟಿಗೆ ಹೋಗಬೇಕು, ನನ್ನ ಹಟ ಅಷ್ಟೇ. ಅದಕ್ಕೆ ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ಪಾಸು ಮಾಡಬೇಕು. ಹಿಂದೆ ಮಡ್‌ಗಾರ್ಡಿಲ್ಲದ ಗಾಡಿಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ.

ಗಾಡಿಯ ಜೊತೆ ಬಂದದ್ದು ಎಡಗಡೆಯದು ಒಂದೇ. ಅದನ್ನು ನೋಡಿಕೊಂಡು ಬಲಗಡೆಗೊಂದು ಬಡಿದುಕೊಡು ಎಂದು ಗಣಿ ಊರಿನ ಟಿಂಕರ್ ಮೇಸ್ತ್ರಿಗೆ ಕೊಟ್ಟೆ. ಹದಿನೈದು ದಿನ ಬಿಟ್ಟು ರೈಲಿನಲ್ಲಿ ಹೊತ್ತುಕೊಂಡು ಬಂದ. ಕೆಲಸ ಏನು ಚೆಂದ! ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಲಗಡೆಗೆ ಹಿಡಿದು ನೋಡಿದರೆ ಹಿಂದುಮುಂದು. ಪುಣ್ಯಾತ್ಮ ಇನ್ನೊಂದು ಎಡಗಡೆಯದನ್ನೇ ಮಾಡಿದ್ದ.

“ನೀವೇ ಅಲ್ವಾ ಸಾಮೀ, ಅಚ್ಚು ಇದ್ರಂಗೇ ಇರ್ಬೇಕು ಅಂದಿದ್ದು?” ಅಂದ.

ಅಂದಿದ್ದೆ. ತಲೆ ಚಚ್ಚಿಕೊಂಡು ಮತ್ತೆ ಕಳಿಸಿದೆ.

ನಿಜವಾದ ಬಲಗಡೆಯದು ಬರುವ ಹೊತ್ತಿಗೆ ಹುಳುಗಳಿಗೆ ಎರಡನೇ ಜ್ವರ. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಬರುತ್ತದೆ. ಆಗ ಮನೆಯ ಹತ್ತಿರ ಸುತ್ತಿಗೆ ಎತ್ತುವಂತಿಲ್ಲ. ಸರಿ, ಜ್ವರ ಬಿಟ್ಟಿತಲ್ಲ ಎಂದು ಬಣ್ಣದ ಡಬ್ಬಿ ತೆಗೆದರೆ ಅಮ್ಮ ಬಾಗಿಲಿಗೆ ಬಂದು, “ಲೇ, ಈಗಿನ್ನೂ ಎದ್ದು ಮೇಯ್ತಾ ಅವೆ ಕಣೋ. ಆ ವಾಸ್ನೆಗೆ ಸತ್ತೋಗ್ತವೆ, ಮುಚ್ಚು!” ಅನ್ನುವಳು. ಅವು ಮಲಗಿದರೂ ನನಗೆ ಕೆಲಸವಿಲ್ಲ, ಎದ್ದರೂ ಕೆಲಸವಿಲ್ಲ. ಇದೆಲ್ಲ ಯಾರಿಗೋಸ್ಕರ ಎಂದು ಕೂಗಿದರೆ, “ನಾನೇನು ಕೇಳಿದ್ನಾ?” ಎಂದು ಒಳಗೆ ಹೋಗುವಳು. ಮೈ ಉರಿದುಹೋಗುತ್ತಿತ್ತು.

ಸದ್ದಾಗದಂತೆ ನಾನೇ ಕೂರಿಸುತ್ತೇನೆಂದು ರಜೆ ಹಾಕಿ ಗಾಡಿಯ ಕೆಳಗೆ ತೂರಿದೆ. ಒಂದು ಬೋಲ್ಟು ಹಾಕಿದೆ, ಬಿಗಿದೆ. ಎರಡನೆಯದು ಹಾಕಿದೆ, ಬಿಗಿದೆ. ನಾಲ್ಕಾದವು. ಐದನೇ ತೂತು ತಗಡಿನಲ್ಲಿ ಒಂದು ಕಡೆ, ಬಾಡಿಯಲ್ಲಿ ಇನ್ನೊಂದು ಕಡೆ. ಬಿಚ್ಚಿದೆ, ಕೆಳಗಿನಿಂದ ಶುರು ಮಾಡಿದೆ. ಈಗ ಮೇಲಿನದು ಸೇರದು. ನಾಲ್ಕು ದಿನ, ಎಡಕ್ಕೂ ಬಲಕ್ಕೂ ಇದೇ ಹಾಡು. ಮಾಡಿದ ಮೇಸ್ತ್ರಿಯನ್ನೂ, ಬೋಲ್ಟು ಮಾರಿದವನನ್ನೂ, ಹುಳುಗಳನ್ನೂ ಬೈದು ಮುಗಿಸಿ, ಕೊನೆಗೆ ಮೇಸ್ತ್ರಿಗೇ ಬಾ ಎಂದು ಹೇಳಿಕಳಿಸಿದೆ.

ಅವನು ಬಂದ ದಿನ ನಾನು ರಬ್ಬರ್ ಪಟ್ಟಿ ತರಲು ಮಾಲೂರಿಗೆ ಹೋಗಿದ್ದೆ. ವಾಪಸು ಬಂದರೆ ಅವನಿಲ್ಲ.

“ಜ್ವರ ಐತೆ, ಬಡೀಬೇಡ ಅಂದೆ. ಹೊಂಟೋದ,” ಅಂದಳು ಅಮ್ಮ.

ನಾಲ್ಕನೇ ಜ್ವರ! ನಾನು ಕೈಯಲ್ಲಿದ್ದ ರಬ್ಬರನ್ನು ಅಂಗಳಕ್ಕೆ ಎಸೆದೆ.

ಮಾರನೇ ದಿನ ಮೇಸ್ತ್ರಿ ತಾನಾಗಿಯೇ ಬಂದ. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಬ್ರೆಡ್ಡು, ನಾಲ್ಕು ಮೋಸಂಬಿ. “ಅಮ್ಮಂಗೆ ಹೆಂಗೈತೆ ಸಾಮೀ?” ಅಂದ. ಗಣಿಯವನಿಗೆ ರೇಷ್ಮೆಯ ಮಾತು ಹೇಗೆ ಗೊತ್ತಾಗಬೇಕು? ಹೊಟ್ಟೆ ಹಿಡಿದುಕೊಂಡು ನಕ್ಕು, ಜ್ವರ ಹುಳುಗಳಿಗಯ್ಯಾ ಎಂದು ಬಿಡಿಸಿ ಹೇಳಿದೆ. ಅವನು ನಗಲಿಲ್ಲ. ಗಾಡಿಯ ಪಕ್ಕ ಕೂತು ಎಡಗಡೆಯ ಮಡ್‌ಗಾರ್ಡಿನ ಏಳು ಬೋಲ್ಟುಗಳನ್ನೂ ಮೊದಲು ತೂತಿಗೆ ಹಾಕಿ, ಬೆರಳಿನಲ್ಲೇ ಎರಡೆರಡು ಸುತ್ತು ತಿರುಗಿಸಿ ಸಡಿಲ ಬಿಟ್ಟ. ತಗಡನ್ನು ಅತ್ತಿತ್ತ ಅಲುಗಿಸಿದ. ಆಮೇಲೆ ಸ್ಪ್ಯಾನರಿನಲ್ಲಿ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬಿಗಿದ. ಒಂದು ಬೀಡಿ ಸೇದುವಷ್ಟು ಹೊತ್ತು, ಸುತ್ತಿಗೆಯೇ ಬೇಕಾಗಲಿಲ್ಲ.

“ಹುಳಕ್ಕೆ ಬಂದ್ರೆ ಬರ್ಲಿ ಸಾಮೀ,” ಅಂದ, ಕೈ ಒರೆಸಿಕೊಳ್ಳುತ್ತಾ. “ನಿನ್ನೆ ಉರಿ ಬಿಸಿಲಲ್ಲಿ ಅಮ್ಮ ಕಂಬ್ಳಿ ಹೊದ್ಕೊಂಡು ನಡುಗ್ತಾ ನಿಂತಿದ್ರು. ಪಾಪಂ, ನಾನು ಕಣ್ಣಾರೆ ನೋಡ್ದೆನಲ್ಲ.”

ಒಳಗೆ ಓಡಿದೆ. ಹುಳುವಿನ ತಟ್ಟೆಗಳ ನಡುವೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಣೆ ಮುಟ್ಟಿದರೆ ಕೆಂಡ.

ಬಲಗಡೆಯ ಮಡ್‌ಗಾರ್ಡು ಅಂಗಳದಲ್ಲೇ ಬಿದ್ದಿರಲಿ ಎಂದು ಪಾಸಾಗದ ಗಾಡಿಯಲ್ಲೇ ಅವಳನ್ನು ಮಾಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸೂಜಿ ಹಾಕಿ, ಇನ್ನೆರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದು ನನ್ನನ್ನು ಚೆನ್ನಾಗಿ ಬೈದರು. ಓದಿದ ಮೇಷ್ಟ್ರು, ಒಂದೇ ಸೂರಿನಡಿ ಇದ್ದೂ ಗೊತ್ತಾಗಲಿಲ್ಲವೇ ಎಂದು ಕೇಳಿದರು.

ವಾಪಸು ಬರುವಾಗ ತಡೆಯಲಾರದೆ ಅಮ್ಮನ ಮೇಲೆಯೇ ರೇಗಿದೆ. “ಎಷ್ಟು ದಿನದಿಂದ ಇದು?”

“ಮೂರನೇ ಜ್ವರ ಬಿಟ್ಟಾಗಿಂದ.”

“ಒಂದು ಮಾತು ಹೇಳ್ಬಾರ್ದಾ ಅಮ್ಮ?”

“ಹೇಳ್ದೆ ಕಣೋ,” ಅಂದಳು. “ಜ್ವರ ಬಂದೈತೆ ಅಂದೆ. ನೀನು ಗಾಡಿ ಕೆಳಗಿಂದಾನೇ, ‘ಗೊತ್ತು ಬಿಡಮ್ಮ, ಎರಡು ದಿನಕ್ಕೆ ಬಿಡುತ್ತೆ’ ಅಂದೆ.”