ಗುಂಡಿ ಅಕ್ಕನ ಸಿಟ್ಟು

ಹೆತ್ತವರು ಇಟ್ಟ ಹೆಸರೊಂದು ಆಕೆಗೆ ಇತ್ತು, ಆದರೆ ಅದನ್ನು ಬಳಸುತ್ತಿದ್ದವರು ಬ್ಯಾಂಕಿನವರು ಮಾತ್ರ. ಬೀದಿಗೆಲ್ಲ ಆಕೆ ಗುಂಡಿ ಅಕ್ಕ. ವಿಡಿಯೋ ಗೇಮ್ ಯಂತ್ರಗಳ ಗುಂಡಿಗಳು ಒತ್ತಿಸಿಕೊಂಡು ಒತ್ತಿಸಿಕೊಂಡು ಕೂತುಹೋದರೆ, ಅವನ್ನು ಬಿಚ್ಚಿ, ಕೊಳೆ ಕೆರೆದು, ಸ್ಪ್ರಿಂಗ್ ಬದಲಾಯಿಸಿ ಮತ್ತೆ ಟಕ್ಕೆನ್ನಿಸುವುದು ಆಕೆಯ ಕೈಗುಣ. ಟೈಲರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ರೈಲಿನ ಡಬ್ಬಿಯಂತೆ ಉದ್ದಕ್ಕೆ ಹೋಗುವ ಕೋಣೆಯಲ್ಲಿ ಆಕೆಯ ಗೇಮ್ ಅಂಗಡಿ. ಒಂದು ಗೋಡೆಗೆ ಬೀರುವಿನಷ್ಟು ಎತ್ತರದ ಹಳೆಯ ಯಂತ್ರಗಳು, ಇನ್ನೊಂದು ಗೋಡೆಗೆ ಕಂಪ್ಯೂಟರುಗಳು. ಬಾಗಿಲಲ್ಲಿ ಆಕೆಯೇ ಬಣ್ಣದಲ್ಲಿ ಬರೆದ ಹಲಗೆ: ಸೋತರೆ ಯಂತ್ರಕ್ಕೆ ಒದೆಯಬಾರದು, ಗೆದ್ದರೆ ಪಕ್ಕದವರನ್ನು ಹಂಗಿಸಬಾರದು.

ಆಕೆಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು, ಕೇಳದಿದ್ದರೂ ಹೇಳುವ ಅಭ್ಯಾಸವೂ ಇತ್ತು. ಹಳೆಯ ಆಟಗಳು ನಿಯತ್ತಿನವು ಎನ್ನುವಳು. ಗೋಡೆಗೆ ಗುದ್ದಿದರೆ ಸತ್ತೆ ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತವೆ, ಯಾಕೆ ಸತ್ತೆ ಅನ್ನುವುದೂ ಗೊತ್ತಾಗುತ್ತದೆ. ಫೋನಿನ ಆಟಗಳು ಹಾಗಲ್ಲ, ತಾವೇ ಸಾಯಿಸಿ, ಜೀವ ವಾಪಸ್ ಬೇಕಾದರೆ ಈ ಜಾಹೀರಾತು ನೋಡು ಎನ್ನುತ್ತವೆ. ಗಿರಾಕಿಯೊಬ್ಬ ತನ್ನ ಫೋಟೋಗಳೆಲ್ಲ ಕ್ಲೌಡ್‌ನಲ್ಲಿ ಭದ್ರವಾಗಿವೆ ಎಂದು ಬೀಗಿದಾಗ, ಅದು ಮೋಡವೂ ಅಲ್ಲ ಮಣ್ಣೂ ಅಲ್ಲ, ಇನ್ನೊಬ್ಬರ ಮನೆಯ ಕಪಾಟು, ಬೀಗದಕೈ ಅವರ ಸೊಂಟದಲ್ಲಿದೆ ಎಂದು ಅವನ ಉತ್ಸಾಹಕ್ಕೆ ತಣ್ಣೀರು ಎರಚಿದ್ದಳು.

ಗಂಡ ನೋಂದಣಿ ಕಚೇರಿಯ ಗುಮಾಸ್ತ. ಲಂಚ ಮುಟ್ಟದ ಮನುಷ್ಯ. ತಾನು ಕೂರುವ ಕಿಟಕಿಯಂತೆಯೇ ಸರ್ಕಾರದ ಎಲ್ಲ ಕಿಟಕಿಗಳೂ ಎನ್ನುತ್ತಿದ್ದವನು. ಸರ್ಕಾರದವರು ಒಂದು ಮಾತು ಹೇಳಿದ್ದಾರೆ ಎಂದರೆ ಅದರ ಹಿಂದೆ ಏನಾದರೂ ಇದ್ದೇ ಇರುತ್ತದೆ ಎನ್ನುವುದು ಅವನ ವಾದ. ಇದ್ದೇ ಇರುತ್ತದೆ, ಅದಕ್ಕೇ ಭಯ ಎನ್ನುವುದು ಆಕೆಯದು. ಊಟಕ್ಕೆ ಕೂತಾಗ ಶುರುವಾದ ಈ ಜಗಳ ಪಾತ್ರೆ ತೊಳೆಯುವವರೆಗೂ ನಡೆದು, ಇಬ್ಬರೂ ನಗುತ್ತಾ ಏಳುತ್ತಿದ್ದ ಕಾಲವದು.

ಅಂಗಡಿಯ ಮುಂದಿನ ಚರಂಡಿಯ ಮುಚ್ಚಳ ಒಡೆದದ್ದು ಆಗಲೇ. ಸಿಮೆಂಟ್ ಲಾರಿಯೊಂದು ಹಿಂದಕ್ಕೆ ಸರಿಯುವಾಗ ಚಕ್ರ ಹತ್ತಿ ಮುಚ್ಚಳ ಹೋಳಾಗಿ ಒಳಗೆ ಬಿತ್ತು. ಆಳು ನಿಂತರೆ ತಲೆ ಮಾತ್ರ ಕಾಣುವಷ್ಟು ಆಳದ ಗುಂಡಿ, ದಾರಿಯ ನಟ್ಟನಡುವೆ. ಟೈಲರ್ ನಕ್ಕು, ಅಕ್ಕ, ನಿಮ್ಮ ಹೆಸರಿಗೆ ಈಗ ಅರ್ಥ ಬಂತು ಎಂದ. ಆಕೆ ನಗಲಿಲ್ಲ. ನಗರಸಭೆಯವರು ದೂರು ಕೊಡಲು ಹೊಸದಾಗಿ ಒಂದು ಆ್ಯಪ್ ಮಾಡಿದ್ದರು. ಫೋಟೋ ತೆಗೆದು ಅದಕ್ಕೆ ಹಾಕಿದಳು. ಫೋನಿನಲ್ಲಿ ಬಣ್ಣದ ಕಾಗದಗಳು ಉದುರಿದಂತೆ ಚಿತ್ರ ಬಂತು, ಜಾಗೃತ ನಾಗರಿಕ ಎಂಬ ಕಂಚಿನ ಪದಕ ಬಂತು, ಅಂಕಗಳು ಬಂದವು. ಮಾರನೆಯ ದಿನ 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಸಂದೇಶವೂ ಬಂತು, ಜೊತೆಗೆ ಹೊಳೆಯುವ ಮುಚ್ಚಳದ ಫೋಟೋ. ಫೋಟೋದಲ್ಲಿ ಮುಚ್ಚಳದ ಪಕ್ಕ ಒಂದು ದೊಡ್ಡ ಮರವಿತ್ತು. ಆಕೆಯ ಬೀದಿಯಲ್ಲಿ ಮರವೇ ಇರಲಿಲ್ಲ.

ಮತ್ತೆ ದೂರು ಕೊಟ್ಟಳು. ಈ ಸಲ ಬೆಳ್ಳಿ ಪದಕ. ಮತ್ತೆ ಪರಿಹಾರವಾಗಿದೆ, ಮತ್ತೆ ಅದೇ ಮರ. ಔಷಧಿ ಅಂಗಡಿಯವನು ವಿಚಾರಿಸಿ ತಿಳಿಸಿದ: ದೂರು ಕೊಟ್ಟವರಿಗೆ ಹೇಗೆ ಅಂಕವೋ, ದೂರು ಮುಗಿಸಿದ ಎಂಜಿನಿಯರಿಗೂ ಹಾಗೇ ಅಂಕ. ಎಷ್ಟು ಬೇಗ ಮುಗಿಸಿದರೆ ಅಷ್ಟು ಮೇಲಿನ ಸ್ಥಾನ. ಆ ರಾತ್ರಿ ಊಟಕ್ಕೆ ಕೂತಾಗ ಆಕೆ ಗಂಡನಿಗೆ, ರೀ, ನಿಮ್ಮ ಸರ್ಕಾರದವರು ಆಡ್ತಾ ಇದ್ದಾರೆ ಕಣ್ರೀ, ನಮ್ಮ ಅಂಗಡಿಯಲ್ಲಾದರೂ ಮೋಸ ಮಾಡಿ ಆಡಿದರೆ ಎಬ್ಬಿಸಿ ಹೊರಗೆ ಕಳಿಸ್ತೀನಿ ಎಂದಳು. ಎಲ್ಲೋ ಕೈತಪ್ಪಿ ಆಗಿರಬೇಕು ಎಂದು ಗಂಡ ತಿಪ್ಪೆ ಸಾರಿಸಿದ. ಆಕೆ ಒಂದು ಕೋಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಗುಂಡಿಯಲ್ಲಿ ನಿಲ್ಲಿಸಿದಳು.

ಅಂಗಡಿಗೆ ದಿನಾ ಬರುವವರಲ್ಲಿ ಒಬ್ಬ ನರ್ಸ್ ಇದ್ದಳು. ಬೆಳಗಿನ ಪಾಳಿ ಮುಗಿಸಿ, ಚಪ್ಪಲಿ ಬಿಟ್ಟು, ಕಾರ್ ಓಡಿಸುವ ದೊಡ್ಡ ಯಂತ್ರದ ಸೀಟಿನಲ್ಲಿ ಕೂತು ಎರಡು ಸುತ್ತು ಹೊಡೆದು ಮನೆಗೆ ಹೋಗುವಳು. ವಾರ್ಡಿನಲ್ಲಿ ಎಲ್ಲರೂ ನನ್ನನ್ನು ಓಡಿಸುತ್ತಾರೆ, ಇಲ್ಲಿ ನಾನು ಓಡಿಸುತ್ತೇನೆ ಎನ್ನುತ್ತಿದ್ದಳು. ಮದುವೆಯಾಗಿರಲಿಲ್ಲ, ಮನೆಯಲ್ಲಿ ತಾಯಿ ಒಬ್ಬರೇ. ಗುಂಡಿ ಅಕ್ಕ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದಳು, ತಂಗಿ ಎಂದೇ ಎಣಿಸಿದ್ದಳು.

ಒಂದು ಮಧ್ಯಾಹ್ನ ಮಳೆ ಹೊಡೆದು ಬೀದಿಯಲ್ಲಿ ನೀರು ನಿಂತಿತು. ಕೋಲು ಯಾವಾಗ ತೇಲಿಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಬರುತ್ತಿದ್ದ ನರ್ಸ್ ನೋಡನೋಡುತ್ತಿದ್ದಂತೆ ಕಾಣದಾದಳು. ಕೊಡೆ ಮಾತ್ರ ನೀರಿನ ಮೇಲೆ ಮಗುಚಿಕೊಂಡಿತು. ಟೈಲರ್, ಔಷಧಿ ಅಂಗಡಿಯವನು, ಗುಂಡಿ ಅಕ್ಕ ಮೂವರೂ ಬೋರಲಾಗಿ ಮಲಗಿ, ಜಡೆಗೋ ತೋಳಿಗೋ ಕೈಗೆ ಸಿಕ್ಕಿದ್ದಕ್ಕೆ ಹಿಡಿದು ಎಳೆದರು. ಉಸಿರಿತ್ತು. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ತಾಯಿಗೆ ಸುದ್ದಿ ಮುಟ್ಟಿಸಲು ಔಷಧಿ ಅಂಗಡಿಯವನು ಅವಳ ಹೆಗಲಿಗೆ ಸಿಕ್ಕಿಕೊಂಡಿದ್ದ ಬ್ಯಾಗಿನ ಜಿಪ್ ಎಳೆದು, ಊಟದ ಡಬ್ಬಿಯ ಕೆಳಗಿನಿಂದ ಫೋನ್ ಹುಡುಕಿ ತೆಗೆದ. ಬೀದಿಯವರೆಲ್ಲ ನಿಂತು ನೋಡಿದರು.

ಸಂಜೆ ಟಿವಿಯಲ್ಲಿ ನಗರಸಭೆಯ ಅಧ್ಯಕ್ಷರು ಮಾತಾಡಿದರು. ಮಹಿಳೆ ಫೋನಿನಲ್ಲಿ ಗೇಮ್ ಆಡುತ್ತಾ ನಡೆಯುತ್ತಿದ್ದರು, ಅವರು ದಿನವೂ ಗೇಮ್ ಅಂಗಡಿಗೆ ಹೋಗುವ ಗೀಳಿನವರು, ಆ ಜಾಗದ ಬಗ್ಗೆ ಬಂದ ದೂರುಗಳನ್ನೆಲ್ಲ ಆಗಲೇ ಪರಿಹರಿಸಲಾಗಿತ್ತು ಎಂದರು. ಯುವಜನರನ್ನು ಈ ಪಿಡುಗಿನಿಂದ ಕಾಪಾಡುವ ಮಾತನ್ನೂ ಆಡಿದರು. ಗುಂಡಿ ಅಕ್ಕ ಕೈಯಲ್ಲಿದ್ದ ಲೋಟ ಕುಕ್ಕಿದಳು. ಗಂಡನ ಮುಖ ನೋಡಿದಳು. ಅವನು ಟಿವಿ ಆರಿಸಿ, ಏನೋ ತಪ್ಪು ಮಾಹಿತಿ ಹೋಗಿದೆ, ಸರಿಮಾಡ್ತಾರೆ ಬಿಡು ಎಂದ. ಆ ರಾತ್ರಿ ಆಕೆ ಅವನಿಗೆ ಬಡಿಸಿಟ್ಟು, ತಾನು ಅಡುಗೆಮನೆಯಲ್ಲೇ ಉಂಡಳು.

ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ನರ್ಸ್ ತಾನೇ ಕೆಲಸ ಮಾಡುವ ವಾರ್ಡಿನಲ್ಲಿ, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ಆಸ್ಪತ್ರೆಯ ಆಡಳಿತದವರು ಆಗಲೇ ಬಂದು, ಗೇಮ್ ಚಟ ಇರುವವರ ಕೈಗೆ ರೋಗಿಗಳನ್ನು ಹೇಗೆ ಒಪ್ಪಿಸುವುದು, ವಿಚಾರಣೆ ಮುಗಿಯುವವರೆಗೆ ಕೆಲಸದ ಮಾತು ಬೇಡ ಎಂದು ಹೇಳಿ ಹೋಗಿದ್ದರು. ತಾಯಿ ಮೂಲೆಯ ಸ್ಟೂಲಿನ ಮೇಲೆ ಕೂತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಅಕ್ಕ, ಕಾಲು ನೋವು ಹೇಗೋ ತಡ್ಕೋತೀನಿ," ಎಂದಳು ನರ್ಸ್. "ನನ್ನ ಜೊತೆ ಕೆಲಸ ಮಾಡೋರೇ ಬಂದು, ಯಾವ ಲೆವೆಲ್‌ನಲ್ಲಿ ಬಿದ್ದೆ ಅಂತ ಕೇಳಿ ನಗ್ತಾರೆ. ಅದನ್ನ ತಡ್ಕೊಳೋಕೆ ಆಗ್ತಿಲ್ಲ."

ಗುಂಡಿ ಅಕ್ಕನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಅವಳ ಹಣೆಯ ಕೂದಲು ಸರಿಸಿ ಹೊರಟುಬಂದಳು.

ಬಂದು ನೋಡಿದರೆ ಅಂಗಡಿಯ ಮುಂದೆ ನಗರಸಭೆಯ ಜೀಪು. ಎಂಜಿನಿಯರ್ ಒಬ್ಬ, ಇಬ್ಬರು ನೌಕರರು. ಗೇಮ್ ಅಂಗಡಿಗಳನ್ನೆಲ್ಲ ಮುಚ್ಚಿಸಬೇಕೆಂದು ಆದೇಶವಾಗಿದೆ, ಮಧ್ಯಾಹ್ನದೊಳಗೆ ಸ್ವಂತ ಸಾಮಾನು ತೆಗೆದುಕೊಳ್ಳಿ, ಆಮೇಲೆ ಬೀಗ ಹಾಕಿ ಮುದ್ರೆ ಒತ್ತುತ್ತೇವೆ ಎಂದರು. ಮೂವರೂ ಬರುವಾಗ ಗುಂಡಿಯನ್ನು ಸುತ್ತಿ ಬಳಸಿಯೇ ಬಂದಿದ್ದರು. ಎಂಜಿನಿಯರನ ಬೂಟಿಗೆ ಅಂಚಿನ ಕೆಸರು ಮೆತ್ತಿತ್ತು.

"ಸಾರ್, ಅವಳ ಫೋನ್ ಬ್ಯಾಗಲ್ಲಿತ್ತು. ನಾವೇ ತೆಗೆದಿದ್ದು," ಎಂದಳು ಆಕೆ. "ಅವಳು ಬಿದ್ದಿದ್ದು ಆ ಗುಂಡೀಲಿ. ಅಲ್ಲೇ ಇದೆ, ನೋಡಿ."

ಎಂಜಿನಿಯರ್ ನೋಡಲಿಲ್ಲ. ಕೈಯಲ್ಲಿದ್ದ ಟ್ಯಾಬ್ ತಿರುಗಿಸಿ ತೋರಿಸಿದ. "ಸಿಸ್ಟಮ್‌ನಲ್ಲಿ ಅದು ಮುಚ್ಚಿದೆ ಮೇಡಂ."

"ನೀವು ನಡೆಯೋದು ಸಿಸ್ಟಮ್ ಮೇಲಾ, ರಸ್ತೆ ಮೇಲಾ? ಮುಚ್ಚಬೇಕಾಗಿದ್ದು ಗುಂಡಿ. ನೀವು ಬಂದು ಮುಚ್ಚುತ್ತಿರೋದು ನನ್ನ ಅಂಗಡಿ."

ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಅವನು ಜೀಪಿನಲ್ಲಿ ಹೋಗಿ ಕೂತ. ಗುಂಡಿ ಅಕ್ಕ ಒಂದು ಗಳಿಗೆ ಅಂಗಡಿಯ ನಡುವೆ ನಿಂತಳು. ಆಕೆಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಅಂಗಾಲಿನಿಂದ ನೆತ್ತಿಯವರೆಗೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಟೈಲರನನ್ನು ಕರೆದಳು. ಇಬ್ಬರೂ ಸೇರಿ ಕಾರ್ ಓಡಿಸುವ ದೊಡ್ಡ ಯಂತ್ರದ ತಂತಿ ಬಿಚ್ಚಿ, ಅದರಡಿಗೆ ಗೋಣಿಚೀಲ ಕೊಟ್ಟು, ದೂಡುತ್ತಾ ಎಳೆಯುತ್ತಾ ಹೊಸಿಲು ದಾಟಿಸಿದರು. ಸ್ವಂತ ಸಾಮಾನು ತೆಗೆದುಕೊಳ್ಳಲು ಹೇಳಿದವರು ತಾವೇ ಆದ್ದರಿಂದ ನೌಕರರು ಸುಮ್ಮನೆ ದಾರಿ ಬಿಟ್ಟರು. ಯಂತ್ರ ಬೀದಿಗೆ ಬಂತು, ಗುಂಡಿಯ ಮೇಲಕ್ಕೆ ಸರಿಯಿತು, ಸ್ಟೀರಿಂಗು ಸೀಟುಗಳ ಸಮೇತ ಅದರ ಬಾಯಿಗೆ ಅಡ್ಡಲಾಗಿ ಕೂತಿತು. ಎಂಜಿನಿಯರ್ ಇಳಿದು ಬಂದು ಇದೇನು ಮಾಡುತ್ತಿದ್ದೀರಿ ಎಂದ.

"ನಿಮ್ಮ ಕೆಲಸ," ಎಂದಳು ಆಕೆ. "ಇದಕ್ಕೂ ಅಂಕ ಬೇಕಾದರೆ ನೀವೇ ತಗೊಳ್ಳಿ."

ಅಂಗಡಿಗೆ ಬೀಗ ಬಿತ್ತು. ಯಂತ್ರ ಮಾತ್ರ ಕದಲಲಿಲ್ಲ, ಅದನ್ನು ಎತ್ತುವಷ್ಟು ಜನ ಜೀಪಿನಲ್ಲಿ ಇರಲಿಲ್ಲ. ಬೀದಿಯವರು ಅದರ ಪಕ್ಕದಲ್ಲಿ ನೆಮ್ಮದಿಯಾಗಿ ಓಡಾಡಿದರು. ಸಂಜೆ ಕಚೇರಿಯಿಂದ ಬಂದ ಗಂಡ ಯಂತ್ರವನ್ನು ನೋಡಿದ, ಮುಚ್ಚಿದ ಅಂಗಡಿಯನ್ನು ನೋಡಿದ, ಅದರ ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿಯನ್ನೂ ನೋಡಿದ. ಆಮೇಲೆ ಮನೆಯ ಕಡೆ ಹೋದ. ಇಷ್ಟೇ ಇವನ ಹಣೆಬರಹ ಎಂದು ಆಕೆ ಮನಸ್ಸಿನಲ್ಲೇ ಶಪಿಸಿದಳು. ಸ್ವಲ್ಪ ಹೊತ್ತಿಗೆ ಅವನು ಒಂದು ಕೆಂಪು ಬಟ್ಟೆ ತಂದು ಯಂತ್ರದ ತಲೆಗೆ ಬಿಗಿಯಾಗಿ ಕಟ್ಟತೊಡಗಿದ.

"ಕತ್ತಲಲ್ಲಿ ಗಾಡಿಯವರಿಗೆ ಕಾಣಲ್ಲ," ಎಂದ. ಗಂಟು ಹಾಕುತ್ತಲೇ ಇನ್ನೂ ಒಂದು ಮಾತು ಸೇರಿಸಿದ. "ನಮ್ಮ ಕಚೇರೀಲೂ ಕೆಲಸ ಹೀಗೇ ಕಾಗದದ ಮೇಲೆ ಮುಗಿಸ್ತಾರೆ ಕಣೆ. ನನಗೆ ಗೊತ್ತಿರಲಿಲ್ಲ ಅಂತಲ್ಲ."

ಆಕೆಗೆ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಗೊತ್ತಿದ್ದೂ ಇಷ್ಟು ವರ್ಷ ತನ್ನೊಂದಿಗೆ ವಾದ ಮಾಡಿದನಲ್ಲ ಎಂದು. ಆದರೂ ಜಾಗ ಸರಿದು ಮೆಟ್ಟಿಲ ಮೇಲೆ ಕೂರಲು ಬಿಟ್ಟಳು.

ಮಾರನೆಯ ದಿನ ಟಿವಿಯವರು ಬಂದರು. ಗೇಮ್ ಯಂತ್ರ ಗುಂಡಿ ಮುಚ್ಚಿದ ದೃಶ್ಯ ಊರೆಲ್ಲ ಓಡಾಡಿತು. ಅಧ್ಯಕ್ಷರ ಕಿವಿ ಬಿಸಿಯಾಗಿರಬೇಕು, ಮಧ್ಯಾಹ್ನದ ಹೊತ್ತಿಗೆ ಕ್ರೇನು ಬಂತು, ಹೊಸ ಮುಚ್ಚಳ ಬಂತು. ಯಂತ್ರವನ್ನು ರಸ್ತೆ ಒತ್ತುವರಿ ಎಂದು ಬರೆದುಕೊಂಡು ಹೊತ್ತೊಯ್ದರು. ಮುಚ್ಚಳದ ಸಿಮೆಂಟು ಹಸಿಯಿರುವಾಗಲೇ ಆಕೆಯ ಫೋನಿಗೆ ಸಂದೇಶ ಬಂತು: ದೂರು ಪರಿಹಾರವಾಗಿದೆ, ನಿಮಗೆ ಚಿನ್ನದ ಪದಕ. ಟಿವಿಯವಳು ಸಂತೋಷವಾಯಿತೇ ಎಂದು ಮೈಕು ಹಿಡಿದಾಗ, ಮುಚ್ಚಳ ಹಾಕಿದ್ದಕ್ಕೆ ನಾನು ಸಂತೋಷಪಡಬೇಕಾದ ಗತಿ ಬಂದಿದೆಯಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ, ಆ ಹುಡುಗಿಯ ಮೇಲೆ ಹಾಕಿದ ಸುಳ್ಳನ್ನು ಯಾವ ಕ್ರೇನು ಎತ್ತುತ್ತದೆ ಎಂದು ಕೇಳಿದಳು. ಆ ಮಾತನ್ನು ಅವರು ಪ್ರಸಾರ ಮಾಡಲಿಲ್ಲ.

ನರ್ಸ್ ಎದ್ದು ನಡೆಯುವ ಹೊತ್ತಿಗೆ ಬೇಸಿಗೆ ಬಂತು. ಕಾಲು ಕುಂಟಾಯಿತು. ಬೀದಿಯವರೆಲ್ಲ ಹೋಗಿ ಆಡಳಿತದವರ ಮುಂದೆ ಸಾಕ್ಷಿ ಹೇಳಿದ ಮೇಲೆ ಕೆಲಸ ವಾಪಸ್ ಕೊಟ್ಟರು, ವಾರ್ಡಿನಲ್ಲಲ್ಲ, ಔಷಧಿ ದಾಸ್ತಾನಿನ ಕೋಣೆಯಲ್ಲಿ. ಅಧ್ಯಕ್ಷರು ತಮ್ಮ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಅವಳು ಅವರ ಮೇಲೆ ಹಾಕಿದ ಮೊಕದ್ದಮೆ ಇನ್ನೂ ತೆವಳುತ್ತಿದೆ. ಪ್ರತಿ ವಾಯಿದೆಗೂ ಗುಂಡಿ ಅಕ್ಕ ಜೊತೆಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕೂತು, ನಗರಸಭೆಯ ವಕೀಲನನ್ನು ದುರುಗುಟ್ಟಿ ನೋಡುತ್ತಾಳೆ.

ಅಂಗಡಿ ತೆರೆಯಲು ಕೊನೆಗೂ ಅನುಮತಿ ಬಂತು, ಒಂದು ಷರತ್ತಿನೊಂದಿಗೆ. ಬಾಗಿಲಲ್ಲಿ ಕ್ಯಾಮರಾ ಇಡಬೇಕು, ಆಡಲು ಬಂದ ಪ್ರತಿಯೊಬ್ಬರ ಮುಖ, ಬೆರಳಚ್ಚು ನಗರಸಭೆಯ ಕಂಪ್ಯೂಟರಿಗೆ ಹೋಗಬೇಕು. ಅದೇ ಎಂಜಿನಿಯರ್ ಕ್ಯಾಮರಾದ ಪೆಟ್ಟಿಗೆ ಹಿಡಿದು ಬಂದಿದ್ದ. ಅದನ್ನು ಹೊಸಿಲ ಮೇಲಿಟ್ಟು, ಮಾಹಿತಿಯೆಲ್ಲ ಭದ್ರವಾಗಿರುತ್ತದೆ, ನಂಬಿ ಎಂದ.

"ಒಂದು ಗುಂಡಿಗೆ ಮುಚ್ಚಳ ಹಾಕಿ ಕಾಯೋಕೆ ಆಗದೋರು ನೀವು," ಎಂದಳು ಗುಂಡಿ ಅಕ್ಕ. "ನನ್ನ ಗಿರಾಕಿಗಳ ಮುಖ ಕಾಯ್ತೀರಾ? ತಗೊಂಡು ಹೋಗಿ."

ಅವನು ಗಂಡನ ಮುಖ ನೋಡಿದ, ಸರ್ಕಾರಿ ನೌಕರನಾದ ಇವನಾದರೂ ಎರಡು ಬುದ್ಧಿಮಾತು ಹೇಳಿಯಾನು ಎಂದು. ಗಂಡ ಪೆಟ್ಟಿಗೆಯನ್ನು ಅವನ ಕೈಗೇ ಎತ್ತಿಕೊಟ್ಟ.

ಅಂಗಡಿ ಆಮೇಲೆ ತೆರೆಯಲೇ ಇಲ್ಲ. ಅದರಲ್ಲಿ ಈಗ ಸೋಫಾ ಮಾರುತ್ತಾರೆ. ಗುಂಡಿ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಕೆಲಸ ಅಷ್ಟಕ್ಕಷ್ಟೇ, ಬಾಯಿ ಮಾತ್ರ ಮೊದಲಿಗಿಂತ ಜೋರು. ಸಮಾಧಾನ ಮಾಡಿಕೊಳ್ಳಿ, ವರ್ಷಗಳಾದವು ಎಂದು ಯಾರಾದರೂ ಹೇಳಿದರೆ, ಕೈಯಲ್ಲಿನ ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟು, ಯಾಕೆ ಮಾಡಿಕೊಳ್ಳಬೇಕು ಹೇಳಿ, ಎಂದು ಅವರನ್ನೇ ಕೇಳುತ್ತಾಳೆ. ಉತ್ತರ ಬರುವವರೆಗೂ ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ.